ಬಿಡಿಸಿ ಕೂಡಿಸುವ ಲೆಕ್ಕ

ಮಾದಿಹಳ್ಳಿಯ ಮೇಷ್ಟರಿಗೆ ತಮ್ಮ ಬೆನ್ನಿನ ಮೇಲೆ ಅನುಮಾನ ಹುಟ್ಟಿದುದು ಒಂದು ಚಪ್ಪಲಿಯ ದೆಸೆಯಿಂದ. ಬೆಳಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವುದು, ನಿವೃತ್ತರಾದ ಮೇಲೆ ಅವರು ತಾವಾಗಿಯೇ ವಹಿಸಿಕೊಂಡಿದ್ದ ಕೆಲಸ. ಒಂದು ದಿನ ಡೈರಿಯ ಮೆಟ್ಟಿಲ ಬಳಿ ನಿಂತು ನೋಡುತ್ತಾರೆ, ಎಡಗಾಲಿನಲ್ಲಿ ಚಪ್ಪಲಿಯಿಲ್ಲ! ಹಿಂದೆ ಬರುತ್ತಿದ್ದ ಹುಡುಗನೊಬ್ಬ ಅದನ್ನು ಎತ್ತಿ ತಂದು, “ಮೇಷ್ಟ್ರೇ, ಅರಳಿಕಟ್ಟೆ ಹತ್ರಾನೇ ಬಿದ್ದಿತ್ತು” ಎಂದ. ಅರಳಿಕಟ್ಟೆಯಿಂದ ಡೈರಿಗೆ ಇನ್ನೂರು ಹೆಜ್ಜೆ. ಇನ್ನೂರು ಹೆಜ್ಜೆ ಬರಿಗಾಲಿನಲ್ಲಿ ನಡೆದರೂ ತಮಗೆ ಗೊತ್ತಾಗಲಿಲ್ಲವಲ್ಲ ಎಂಬುದನ್ನು ಅವರು ಆಗ ಯೋಚಿಸಲಿಲ್ಲ, ಚಪ್ಪಲಿಯನ್ನು ಬೈದರು. ಮರುವಾರ ಬೇಲೂರಿಗೆ ಹೋಗಿ ಹೊಸ ಜೋಡು ತಂದರು. ಹೊಸದೂ ಎಡಗಾಲಿನಿಂದಲೇ ಕಳಚಿಕೊಳ್ಳತೊಡಗಿದಾಗ, ತಪ್ಪು ಚಪ್ಪಲಿಯದಲ್ಲ, ಕಾಲಿನದು ಎಂಬ ಸತ್ಯ ಅವರಿಗೆ ನಿಧಾನವಾಗಿ ಹೊಳೆಯಿತು. ಹೆಬ್ಬೆರಳನ್ನು ಮೇಲಕ್ಕೆತ್ತಲು ಹೋದರೆ ಅದು ಏಳುತ್ತಿರಲಿಲ್ಲ.

ಸೊಂಟದ ನೋವು ಎರಡು ವರ್ಷಗಳಿಂದಲೂ ಇತ್ತು. ಅದನ್ನು ಮನೆಯಲ್ಲಿ ಯಾರೂ ರೋಗವೆಂದು ಎಣಿಸಿರಲಿಲ್ಲ. ಹಳ್ಳಿಯಲ್ಲಿ ಅರವತ್ತು ದಾಟಿದವನಿಗೆ ಸೊಂಟ ನೋಯುವುದು, ಆಷಾಢದಲ್ಲಿ ಗಾಳಿ ಬೀಸುವಷ್ಟೇ ಸಹಜ. ಮೇಷ್ಟರ ಹೆಂಡತಿ ಹುರುಳಿಯನ್ನು ಹುರಿದು ಗಂಟು ಕಟ್ಟಿ ಶಾಖ ಕೊಟ್ಟರು, ಎಣ್ಣೆ ತಿಕ್ಕಿದರು, ‘ವಾಯು’ ಎಂದು ಆಲೂಗೆಡ್ಡೆಯನ್ನು ಅಡಿಗೆಯಿಂದ ಗಡಿಪಾರು ಮಾಡಿದರು. ಹಾಸನದ ಜಿಲ್ಲೆಯಲ್ಲಿ ಆಲೂಗೆಡ್ಡೆಯನ್ನು ಬಿಟ್ಟು ಬದುಕುವುದು ಸಣ್ಣ ತಪಸ್ಸಲ್ಲ. ನೋವು ಇದಾವುದಕ್ಕೂ ಜಗ್ಗಲಿಲ್ಲ. ಆದರೆ ನೋವನ್ನು ತಾಳಬಹುದು, ಮಾತು ಕೇಳದ ಹೆಬ್ಬೆರಳನ್ನು ಹೇಗೆ ತಾಳುವುದು? ಮೂವತ್ತೈದು ವರ್ಷ ಮಕ್ಕಳಿಂದ ಮಾತು ಕೇಳಿಸಿದ ಮನುಷ್ಯ ತನ್ನ ಕಾಲಿನ ಬೆರಳಿನ ಮುಂದೆ ಸೋತು ಕುಳಿತರು.

ಹಾಸನದಲ್ಲಿ ಎಂ.ಆರ್.ಐ. ಆಯಿತು. ಗಡಗಡನೆ ಸದ್ದು ಮಾಡುವ ಕೊಳವೆಯೊಳಗೆ ಅರ್ಧ ಗಂಟೆ ಮಲಗಿದ್ದು, ಒಂದು ದೊಡ್ಡ ಲಕೋಟೆಯನ್ನೂ ಒಂದು ಸಿ.ಡಿ.ಯನ್ನೂ ಹಿಡಿದುಕೊಂಡು ಬಸ್ಸಿನಲ್ಲಿ ಹಿಂದಿರುಗಿದರು. ವರದಿಯಲ್ಲಿ ಬರೆದಿದ್ದುದು ಇಷ್ಟು: ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕು, ಹಿಂದಕ್ಕೆ ಉಬ್ಬಿ ನರವನ್ನು ಅದುಮುತ್ತಿದೆ. ಹೆಬ್ಬೆರಳು ಬಲಗುಂದಿರುವುದರಿಂದ ಬಹಳ ದಿನ ಕಾಯುವುದು ಒಳ್ಳೆಯದಲ್ಲ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಲೇಸು ಎಂದು ವೈದ್ಯರ ಸಲಹೆ. ಮನೆಯಲ್ಲಿ ಅಡಿಗೆಯ ಒಲೆ ಆ ರಾತ್ರಿ ಬೇಗ ಆರಿತು.

ಇಲ್ಲಿ ಮೇಷ್ಟರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಲೆಕ್ಕದ ಮೇಷ್ಟರು. ಪ್ರತಿ ವರ್ಷವೂ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗುವ ಪದ್ಧತಿ ಅವರದು. ಬೇರೆ ಉಪಾಧ್ಯಾಯರು ಹೊಯ್ಸಳೇಶ್ವರನ ಗುಡಿಯಲ್ಲಿ ಶಿಲ್ಪವನ್ನು ತೋರಿಸಿದರೆ, ಇವರು ಲೆಕ್ಕ ಕೊಡುತ್ತಿದ್ದರು: ಗುಡಿಯ ಅಡಿಯ ಸಾಲಿನ ಆನೆಗಳನ್ನು ಎಣಿಸಿ! ಮಕ್ಕಳು ಹೋ ಎಂದು ಓಡಿ, ನಕ್ಷತ್ರದಂತೆ ಮೂಲೆ ಮೂಲೆಯಾಗಿ ತಿರುಗುವ ಆ ಗೋಡೆಯನ್ನು ಸುತ್ತಿ ಬಂದು, ಒಬ್ಬೊಬ್ಬರೂ ಒಂದೊಂದು ಉತ್ತರ ಹೇಳುತ್ತಿದ್ದರು. ಸಾವಿರಕ್ಕಿಂತ ಹೆಚ್ಚು ಎಂಬುದರಲ್ಲಿ ಮಾತ್ರ ಒಮ್ಮತ. ಒಂದು ಆನೆ ಇನ್ನೊಂದರಂತಿಲ್ಲ ಎನ್ನುತ್ತಾರೆ ಬಲ್ಲವರು. ಆದರೆ ಎಣಿಸುವವನ ಕಣ್ಣಿಗೆ ಎಲ್ಲವೂ ಒಂದೇ. ಎಲ್ಲಿಂದ ಹೊರಟೆವೆಂಬುದು ಮರೆತುಹೋಗುತ್ತದೆ. “ಎಣಿಕೆ ಎಲ್ಲಿ ಶುರು ಮಾಡಿದೆಯೋ ಅಲ್ಲಿ ನಿನ್ನ ಚೀಲ ಇಡು, ಚೀಲ ಸಿಕ್ಕಿದ ಮೇಲೆ ನಿಲ್ಲಿಸು” ಎಂಬುದು ಮೇಷ್ಟರ ಪಾಠ. ಹೊಯ್ಸಳರ ಈ ಗುಡಿಗಳು ೨೦೨೩ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಊರೆಲ್ಲ ಹಿಗ್ಗಿತು, ಮೇಷ್ಟರು, “ಆನೆಗಳ ಎಣಿಕೆ ಸರಿಯಾಗಿ ಆಯಿತೋ?” ಎಂದು ಮಾತ್ರ ಕೇಳಿದರು.

ಸುದ್ದಿ ತಿಳಿದು ಶನಿವಾರ ರಾತ್ರಿಯ ಬಸ್ಸಿಗೇ ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಅವಳ ಉದ್ಯೋಗವೇನೆಂಬುದು ಆ ಮನೆಯಲ್ಲಿ ಅಂದಿನವರೆಗೆ ಯಾರಿಗೂ ಸ್ಪಷ್ಟವಾಗಿ ಅರ್ಥವಾಗಿರಲಿಲ್ಲ. ವೈದ್ಯಕೀಯ ಯಂತ್ರಗಳ ತಂತ್ರಾಂಶ ಬರೆಯುವ ಕೆಲಸ ಬೆಂಗಳೂರಿಗೆ ಹೊಸದಲ್ಲ. ವೈಟ್‌ಫೀಲ್ಡಿನಲ್ಲಿ ಜಿ.ಇ. ಕಂಪನಿಯ ಸಂಶೋಧನ ಕೇಂದ್ರ ತೆರೆದುದೇ ೨೦೦೦ದಲ್ಲಿ. ಅಂಥದೇ ಒಂದು ಸಂಸ್ಥೆಯಲ್ಲಿ ಈಕೆ ದಿನವೆಲ್ಲ ಕುಳಿತು, ಕಂಪ್ಯೂಟರಿನ ತೆರೆಯ ಮೇಲೆ ಯಾರದೋ ಬೆನ್ನೆಲುಬಿನ ಚಿತ್ರದಲ್ಲಿ ಒಂದೊಂದು ಮಣಿಗೂ ಒಂದೊಂದು ಬಣ್ಣ ತುಂಬುತ್ತಾಳೆ. ಹೀಗೆ ಮನುಷ್ಯರು ಬಣ್ಣ ತುಂಬಿಕೊಟ್ಟ ಚಿತ್ರಗಳನ್ನು ನೋಡಿ ನೋಡಿ ಯಂತ್ರ ಆ ಕೆಲಸವನ್ನು ತಾನೇ ಕಲಿಯುತ್ತದೆ. ಅಜ್ಜಿ ನೆರೆಯವರಿಗೆ ಹೇಳುತ್ತಿದ್ದುದು, “ನಮ್ಮ ಪುಟ್ಟಿಗೆ ಮೂಳೆಗೆ ಬಣ್ಣ ಹಚ್ಚೋ ಕೆಲಸ” ಎಂದು. ಈ ವಿವರಣೆಯಲ್ಲಿ ತಪ್ಪು ಹುಡುಕುವುದು ಕಷ್ಟ.

ಊಟವಾದ ಮೇಲೆ ನಡುಮನೆಯ ಚಾಪೆಯ ಮೇಲೆ ಅವಳ ಲ್ಯಾಪ್‌ಟಾಪು ತೆರೆಯಿತು. ತಾತನ ಸಿ.ಡಿ.ಯ ಜೊತೆಗೆ, ಮೂರು ವರ್ಷದ ಕೆಳಗೆ ಮೂತ್ರಪಿಂಡದ ಕಲ್ಲಿಗೆಂದು ತೆಗೆಸಿದ್ದ ಹೊಟ್ಟೆಯ ಸಿ.ಟಿ. ಸ್ಕ್ಯಾನಿನ ಸಿ.ಡಿ.ಯೂ ಬೀರುವಿನಲ್ಲಿ ಸಿಕ್ಕಿತು. ಮೇಷ್ಟರು ಕಾಗದಪತ್ರ ಎಸೆಯುವವರಲ್ಲ. ಅವಳು ಎರಡನ್ನೂ ತೆರೆದಳು.

“ಇದೇನು ಪುಟ್ಟಿ, ನನ್ನನ್ನ ಹೆಚ್ಚಿಬಿಟ್ಟಿದ್ದಾರೆ?”

“ಹಲಸಿನ ಹಣ್ಣು ಹೆಚ್ಚಿದ ಹಾಗೆ ತಾತ. ಅಡ್ಡ ಕೊಯ್ದರೆ ಒಂದೊಂದು ಹೋಳಿನಲ್ಲೂ ತೊಳೆ ಎಲ್ಲಿ, ನಾರು ಎಲ್ಲಿ, ಬೀಜ ಎಲ್ಲಿ ಕಾಣುತ್ತೆ. ಎಲ್ಲ ಹೋಳನ್ನೂ ಮತ್ತೆ ಸಾಲಾಗಿ ಜೋಡಿಸಿದರೆ ಇಡೀ ಹಣ್ಣು.”

ಹೋಲಿಕೆ ಚೆನ್ನಾಗಿತ್ತು. ಕತ್ತರಿಸದೆ ಒಳಗನ್ನು ನೋಡುವ ವಿದ್ಯೆ ಮೊದಲಾದುದು ೧೮೯೫ರಲ್ಲಿ, ಜರ್ಮನಿಯ ರಾಂಟ್‌ಗೆನ್ನನ ಎಕ್ಸ್-ಕಿರಣದಿಂದ. ಆದರೆ ಅದು ನೆರಳಿನ ಚಿತ್ರ. ಹಿಂದುಮುಂದಿನದೆಲ್ಲ ಒಂದರ ಮೇಲೊಂದು ಬಿದ್ದಿರುತ್ತದೆ. ಹೋಳು ಹೋಳಾಗಿ ಕಾಣಿಸಿದುದು ಸಿ.ಟಿ. ಇಂಗ್ಲೆಂಡಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯ ಇಂಜಿನಿಯರು ಹೌನ್ಸ್‌ಫೀಲ್ಡ್ ಅದನ್ನು ಕಟ್ಟಿದ. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಅದರಿಂದ ನೋಡಿದರು. ೧೯೭೯ರಲ್ಲಿ ಅವನಿಗೂ ಕಾರ್ಮಾಕ್ ಎಂಬ ಭೌತವಿಜ್ಞಾನಿಗೂ ನೊಬೆಲ್ ಪಾರಿತೋಷಕ ಬಂದಿತು. ಸಿ.ಟಿ.ಯ ಚಿತ್ರವೆಂದರೆ ವಾಸ್ತವವಾಗಿ ಅಂಕಿಗಳ ಕೋಷ್ಟಕ. ಒಂದೊಂದು ಚುಕ್ಕಿಗೂ ಒಂದು ಅಂಕಿ: ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕಡಿಮೆ, ಕೊಬ್ಬಿಗೆ ಸುಮಾರು ನೂರು ಕಡಿಮೆ, ಮೂಳೆಗೆ ಕೆಲವು ನೂರರಿಂದ ಸಾವಿರದವರೆಗೆ ಹೆಚ್ಚು. ಇದನ್ನು ಕೇಳಿದ್ದೇ ತಡ, ಮೇಷ್ಟರು ಕನ್ನಡಕ ಏರಿಸಿದರು. ಹಾಗಾದರೆ ಇದು ತಮ್ಮ ಸೀಮೆ!

“ಸುಲಭ ಅಲ್ಲವೇನು ಮತ್ತೆ? ಇನ್ನೂರಕ್ಕಿಂತ ಹೆಚ್ಚಿರುವ ಚುಕ್ಕಿಗಳನ್ನೆಲ್ಲ ಆರಿಸು. ಮೂಳೆ ಬಂತು.”

ಮೊಮ್ಮಗಳು ನಕ್ಕಳು. ತಜ್ಞರೂ ಮೊದಮೊದಲು ಹಾಗೆಯೇ ಮಾಡುತ್ತಿದ್ದರಂತೆ. ಆದರೆ ವಯಸ್ಸಾದವರ ಮೂಳೆ ಟೊಳ್ಳಾಗುತ್ತದೆ, ಅದರ ಅಂಕಿ ಇಳಿಯುತ್ತದೆ. ಗಟ್ಟಿಯಾದ ಹೊರತೊಗಟೆ ಮಾತ್ರ ಉಳಿದು, ನಡುವೆ ಇಲಿ ತಿಂದ ತೆಂಗಿನಕಾಯಿಯಂತೆ ತೂತು ಕಾಣುತ್ತದೆ. ಇನ್ನೊಂದು ಉಪಾಯ, ಮಣಿಯ ಮಧ್ಯದಲ್ಲಿ ಒಂದು ಚುಕ್ಕಿಯನ್ನಿಟ್ಟು, ಅದರಂತಿರುವ ನೆರೆಯ ಚುಕ್ಕಿಗಳನ್ನು ಸೇರಿಸಿಕೊಳ್ಳುತ್ತ ಹೋಗುವುದು. ಗದ್ದೆಗೆ ನೀರು ಬಿಟ್ಟಂತೆ ಅದು ಹರಡುತ್ತದೆ, ಬದುವಿಗೆ ಬಂದಾಗ ನಿಲ್ಲುತ್ತದೆ. ಆದರೆ ಬೆನ್ನಿನ ಮಣಿಗಳು ಹಿಂಬದಿಯಲ್ಲಿ ಪುಟ್ಟ ಪುಟ್ಟ ಕೀಲುಗಳಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸವೆದ ಕೀಲು ಎಂದರೆ ಒಡೆದ ಬದು. ಒಂದು ಗದ್ದೆಗೆ ಬಿಟ್ಟ ನೀರು ನೆರೆಯವನ ಗದ್ದೆಗೂ ಹೋಗುತ್ತದೆ. ನಾಲ್ಕನೆಯ ಮಣಿಗೆ ಹಚ್ಚಿದ ಬಣ್ಣ ಐದನೆಯದಕ್ಕೂ ಹರಿಯುತ್ತದೆ. ಬದು ಒಡೆದ ವಿಷಯದಲ್ಲಿ ಮಾದಿಹಳ್ಳಿಯವರಿಗೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಅದಕ್ಕೆ ಕೋರ್ಟಿನವರೆಗೆ ಹೋದವರಿದ್ದಾರೆ.

೧೯೮೭ರ ಸುಮಾರಿಗೆ ‘ಹಾವು’ ಎಂದೇ ಹೆಸರಿಟ್ಟ ಒಂದು ವಿಧಾನ ಬಂದಿತು. ರಬ್ಬರಿನ ಉಂಗುರದಂಥ ಒಂದು ರೇಖೆಯನ್ನು ಮಣಿಯ ಸುತ್ತ ಹಾಕಿದರೆ ಅದು ತಾನೇ ಬಿಗಿದು ಅಂಚಿಗೆ ಒರಗಿಕೊಳ್ಳುತ್ತದೆ. ಈಗ ಬಹುಮಟ್ಟಿಗೆ ನಡೆಯುತ್ತಿರುವುದು ಕಲಿಯುವ ಯಂತ್ರಗಳ ಕಾರುಬಾರು. ಜರ್ಮನಿಯ ಫ್ರೈಬರ್ಗಿನಲ್ಲಿ ೨೦೧೫ರಲ್ಲಿ ರೂಪಿಸಿದ ‘ಯು-ನೆಟ್’ ಎಂಬುದು ಇವುಗಳಲ್ಲಿ ಹೆಸರುವಾಸಿ. ಸೂತ್ರ ಹೇಳಿಕೊಡದೆ ಬರೀ ಉದಾಹರಣೆ ತೋರಿಸಿ ಕಲಿಸುವ ಪದ್ಧತಿ. ಮೇಷ್ಟರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಮಗ್ಗಿ ಬಾರದ ಹುಡುಗ ಉತ್ತರ ಸರಿ ಬರೆದರೆ ಅವರು ಮೊದಲು ಪಕ್ಕದ ಹುಡುಗನ ಸ್ಲೇಟು ನೋಡುತ್ತಿದ್ದರು.

ಅಷ್ಟರಲ್ಲಿ ಸಿ.ಟಿ.ಯ ಮೂಳೆಗಳು ಬಣ್ಣ ಬಣ್ಣದ ಮಣಿಸರವಾಗಿ ತೆರೆಯ ಮೇಲೆ ತಿರುಗುತ್ತಿದ್ದವು. ಅಜ್ಜಿ ಬಾಗಿಲಿನಿಂದಲೇ ಇಣುಕಿ, “ಚಂದ್ರಹಾರ ಇದ್ದ ಹಾಗಿದೆ ಕಣೆ” ಎಂದರು. ಗಂಡನ ಬೆನ್ನೆಲುಬನ್ನು ಈ ದೃಷ್ಟಿಯಿಂದ ಮೆಚ್ಚಿದ ಹೆಂಗಸು ಆ ಸೀಮೆಯಲ್ಲಿ ಇನ್ನೊಬ್ಬರು ಇರಲಾರರು.

ಇನ್ನು ಕೂಡಿಸುವ ಲೆಕ್ಕ. ಸಿ.ಟಿ.ಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ. ನರ, ಡಿಸ್ಕುಗಳು ಮಂಕು. ಕಾಂತಬಲದಿಂದ ಚಿತ್ರ ತೆಗೆಯುವ ಎಂ.ಆರ್.ಐ.ಯಲ್ಲಿ ನರ, ಡಿಸ್ಕುಗಳು ಸೊಗಸಾಗಿ ಕಾಣುತ್ತವೆ. ಎರಡನ್ನೂ ಒಂದರ ಮೇಲೊಂದು ಹೊಂದಿಸಿದರೆ ಯಾವ ಮೂಳೆಯ ಬಳಿ ಯಾವ ನರ ಎಂಬುದು ತಿಳಿಯುತ್ತದೆ. ಆದರೆ ಹೊಂದಿಸುವುದು ಹೇಗೆ? ಒಂದರಲ್ಲಿ ಬೆಳ್ಳಗಿರುವ ಗಟ್ಟಿಮೂಳೆಯ ಅಂಚು ಇನ್ನೊಂದರಲ್ಲಿ ಕಪ್ಪು. ಬಿಳಿಗೆ ಬಿಳಿ ಜೋಡಿಸಲು ಹೋದರೆ ಕೆಟ್ಟಿತು. ಹಿಂದೆ ಸ್ಟುಡಿಯೋದಲ್ಲಿ ಕೊಡುತ್ತಿದ್ದ ಫೋಟೋವನ್ನೂ ಅದರ ನೆಗೆಟಿವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಈ ತೊಡಕೂ ತಿಳಿದೀತು, ಪರಿಹಾರವೂ ಹೊಳೆದೀತು: ಬಣ್ಣ ಒಂದೇ ಆಗಿರಬೇಕಾಗಿಲ್ಲ, ಇಲ್ಲಿ ಬಿಳಿ ಇದ್ದಲ್ಲೆಲ್ಲ ಅಲ್ಲಿ ತಪ್ಪದೆ ಕಪ್ಪಿದ್ದರೆ ಸಾಕು. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವುದು ಯಾವ ಹೊಂದಾಣಿಕೆಯಲ್ಲಿ ಅತ್ಯಂತ ಸುಲಭವೋ ಅದೇ ಸರಿಯಾದ ಹೊಂದಾಣಿಕೆ. ೧೯೯೦ರ ದಶಕದ ನಡುವಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ವಯೋಲ ಮತ್ತು ವೆಲ್ಸ್, ಬೆಲ್ಜಿಯಮ್ಮಿನ ಲ್ಯೂವೆನ್ನಿನಲ್ಲಿ ಇನ್ನೊಂದು ತಂಡ, ಬೇರೆ ಬೇರೆಯಾಗಿ ಇದನ್ನೇ ಗಣಿತಕ್ಕೆ ಇಳಿಸಿದರು.

ಮೊಮ್ಮಗಳು ಎರಡು ಚಿತ್ರಗಳನ್ನೂ ಕೂಡಿಸಿದಳು. ಕೂಡಲಿಲ್ಲ. ಮೇಲಿನ ಮಣಿ ಹೊಂದಿದರೆ ಕೆಳಗಿನದು ಜಾರುತ್ತಿತ್ತು, ಕೆಳಗಿನದನ್ನು ಹೊಂದಿಸಿದರೆ ಮೇಲಿನದು. ಕಾರಣ ಸರಳ. ಸಿ.ಟಿ. ತೆಗೆದ ದಿನ ಮೇಷ್ಟರು ಮಲಗಿದ್ದ ಭಂಗಿಯೇ ಬೇರೆ, ಎಂ.ಆರ್.ಐ. ದಿನ ಮೊಳಕಾಲ ಕೆಳಗೆ ದಿಂಬಿತ್ತು. ಒಂದೊಂದು ಮಣಿಯೂ ಗಟ್ಟಿ, ಅದು ಬಾಗುವುದಿಲ್ಲ. ಆದರೆ ಸರ ಬಾಗುತ್ತದೆ. ಆದ್ದರಿಂದ ಸರವನ್ನು ಇಡಿಯಾಗಿ ಹೊಂದಿಸಲಾಗದು. ಒಂದೊಂದು ಮಣಿಯನ್ನೂ ಮೊದಲು ಬಿಡಿಸಿಕೊಂಡು, ಬಿಡಿಬಿಡಿಯಾಗಿ ಹೊಂದಿಸಿ, ಆಮೇಲೆ ನಡುವಿನ ಮೆದುಭಾಗವನ್ನು ಮೆಲ್ಲನೆ ಎಳೆದು ಕೂಡಿಸಬೇಕು.

“ಮೊದಲು ಬಿಡಿಸಬೇಕು, ಆಮೇಲೆ ಕೂಡಿಸಬೇಕು” ಎಂದರು ಮೇಷ್ಟರು, ತರಗತಿಯ ಧ್ವನಿಯಲ್ಲಿ.

ಅವಳು ಉತ್ತರ ಕೊಡಲಿಲ್ಲ. ತೆರೆಯನ್ನೇ ನೋಡುತ್ತಿದ್ದಳು. ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಎಣಿಸಿದಳು. ಮತ್ತೆ ಕೆಳಗಿನಿಂದ ಮೇಲಕ್ಕೆ. ಆಮೇಲೆ ಮೆಲ್ಲನೆ ಅಂದಳು:

“ತಾತ, ನೀವೇ ಎಣಿಸಿ ನೋಡಿ. ಪಕ್ಕೆಲುಬು ಇರುವ ಕೊನೆಯ ಮಣಿ ಇದು. ಇದರ ಕೆಳಗೆ ಎಷ್ಟು?”

ಮೇಷ್ಟರು ಎಣಿಸಿದರು. ಆರು.

ಸೊಂಟದಲ್ಲಿ ಐದು ಮಣಿ ಇರಬೇಕೆಂಬುದು ಅವರಿಗೆ ಗೊತ್ತಿತ್ತು. ವಿಜ್ಞಾನದ ಮೇಷ್ಟರು ರಜೆ ಹಾಕಿದಾಗ ಅವರೇ ಆ ಪಾಠ ಮಾಡುತ್ತಿದ್ದರು: ಕುತ್ತಿಗೆಯಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫, ಒಂದಾಗಿ ಬೆಸೆದ ತ್ರಿಕಾಸ್ಥಿಯಲ್ಲಿ ೫, ಬಾಲದ ಮೂಳೆಯಲ್ಲಿ ೪, ಒಟ್ಟು ೩೩.

ಕೆಲವರಲ್ಲಿ ಹೀಗಿರುತ್ತದೆ, ಬಹಳ ಅಪರೂಪವೂ ಅಲ್ಲ. ತ್ರಿಕಾಸ್ಥಿಯ ಮೊದಲನೆಯ ಮಣಿ ಕೆಳಗಿನವುಗಳ ಜೊತೆ ಬೆಸೆದುಕೊಳ್ಳದೆ ಸೊಂಟದ ಮಣಿಯಂತೆ ಬಿಡಿಯಾಗಿ ಉಳಿದುಬಿಡುತ್ತದೆ. ಅದರಿಂದ ತೊಂದರೆಯೇನೂ ಇಲ್ಲದೆ ಮನುಷ್ಯ ನೂರು ವರ್ಷ ಬದುಕಬಹುದು. ತೊಂದರೆ ಬರುವುದು ಎಣಿಕೆಯಲ್ಲಿ. ಸೊಂಟದ ಚಿತ್ರವನ್ನಷ್ಟೇ ತೆಗೆದಾಗ ಅದರಲ್ಲಿ ಕುತ್ತಿಗೆ ಇರುವುದಿಲ್ಲ. ಓದುವವರು ಕೆಳಗಿನ ಕೊನೆಯ ಬಿಡಿಮಣಿಯನ್ನು ಐದನೆಯದೆಂದು ಹಿಡಿದು ಮೇಲಕ್ಕೆ ಎಣಿಸುತ್ತಾರೆ. ಸಾಮಾನ್ಯವಾಗಿ ಅದು ಸರಿ. ಮೇಷ್ಟರಂಥವರಲ್ಲಿ ಮಾತ್ರ, ಕೆಳಗಿನಿಂದ ಎಣಿಸಿದವರಿಗೆ ‘ನಾಲ್ಕು-ಐದರ ನಡುವೆ’ ಎನಿಸಿದ ಜಾಗವೇ, ಪಕ್ಕೆಲುಬಿನಿಂದ ಇಳಿದು ಬಂದವರಿಗೆ ಒಂದು ಮೆಟ್ಟಿಲು ಕೆಳಗಿನ ಹೆಸರು ಪಡೆಯುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯರು ಎಕ್ಸ್-ರೇ ನೋಡಿ ಎಣಿಸಿ ಜಾಗ ಗುರುತಿಸುತ್ತಾರೆ. ವರದಿ ಬರೆದವರ ಎಣಿಕೆ ಒಂದು ಕಡೆಯಿಂದ, ಕತ್ತಿ ಹಿಡಿದವರ ಎಣಿಕೆ ಇನ್ನೊಂದು ಕಡೆಯಿಂದ ಆದರೆ, ಚೆನ್ನಾಗಿರುವ ಡಿಸ್ಕಿನ ಬಳಿ ಗಾಯವಾಗಿ, ಕೆಟ್ಟ ಡಿಸ್ಕು ಹಾಗೆಯೇ ಉಳಿಯುತ್ತದೆ. ಜಗತ್ತಿನಲ್ಲಿ ಇದು ನಡೆಯದ ಸಂಗತಿಯಲ್ಲ. ಅದಕ್ಕಾಗಿಯೇ ವೈದ್ಯರು ಅಷ್ಟು ಎಚ್ಚರ ವಹಿಸುತ್ತಾರೆ.

“ವರದೀಲಿ ಚೀಲ ಎಲ್ಲಿಟ್ಟಿದಾರೆ ಅಂತ ಬರೆದಿಲ್ಲ ತಾತ” ಎಂದಳು ಮೊಮ್ಮಗಳು. ಏಳನೆಯ ತರಗತಿಯಲ್ಲಿದ್ದಾಗ ಅವಳೂ ಆನೆ ಎಣಿಸಿದವಳೇ.

ಆ ರಾತ್ರಿ ಅವಳಿಗೆ ನಿದ್ರೆ ಬರಲಿಲ್ಲ. ತಾನು ಡಾಕ್ಟರಲ್ಲ. ಮೂರು ವರ್ಷದ ಹಳೆಯ ಚಿತ್ರ, ಮನೆಯ ಕಂಪ್ಯೂಟರು, ಅವಸರದ ಹೊಂದಾಣಿಕೆ. ಪಕ್ಕೆಲುಬನ್ನು ನಂಬುವುದೂ ಅಪಾಯವೇ. ಹನ್ನೆರಡನೆಯ ಪಕ್ಕೆಲುಬು ಇಲ್ಲದವರಿದ್ದಾರೆ, ಅಥವಾ ಕಾಣದಷ್ಟು ಮೋಟಾಗಿರುತ್ತದೆ. ಹಾಗಿದ್ದರೆ ಇವಳು ಹನ್ನೊಂದನೆಯದನ್ನು ಹನ್ನೆರಡೆಂದು ಹಿಡಿದು ಇಳಿದಿರಬಹುದು. ಆಗ ಆರು ಎಂಬುದೇ ಸುಳ್ಳು, ಹಳೆಯ ವರದಿಯೇ ಸರಿ. ಹೊಟ್ಟೆಯ ಸ್ಕ್ಯಾನಿನಲ್ಲಿ ಎಲ್ಲ ಪಕ್ಕೆಲುಬುಗಳೂ ಇರಲಿಲ್ಲ. ಯಂತ್ರವನ್ನು ಕೇಳೋಣವೆಂದರೆ ಅದರ ಕಥೆಯನ್ನು ಅವಳು ಬಲ್ಲಳು: ಐದೇ ಮಣಿಗಳನ್ನು ಕಂಡು ಕಲಿತ ಯಂತ್ರ ಆರನೆಯದನ್ನು ಕಂಡಾಗ ಬೆಪ್ಪಾಗುವುದಿಲ್ಲ, ಧೈರ್ಯವಾಗಿ ತಪ್ಪು ಹೆಸರಿಡುತ್ತದೆ. ಅದನ್ನು ಅರಿತೇ ಮ್ಯೂನಿಕ್ಕಿನ ವಿದ್ವಾಂಸರು ೨೦೧೯ ಮತ್ತು ೨೦೨೦ರಲ್ಲಿ ‘ವರ್ಸ್’ ಎಂಬ ಸ್ಪರ್ಧೆ ನಡೆಸಿದಾಗ, ೩೫೫ ರೋಗಿಗಳ ೩೭೪ ಸಿ.ಟಿ. ಚಿತ್ರಗಳಲ್ಲಿ ಇಂಥ ಆರು ಮಣಿಯವರನ್ನೂ ಬೇಕೆಂದೇ ಸೇರಿಸಿದ್ದರು. ಈಗ ತಾನು ಬಾಯಿ ಬಿಟ್ಟರೆ ಚಿಕಿತ್ಸೆ ತಡವಾದೀತು, ತಾತನ ಹೆಬ್ಬೆರಳು ಇನ್ನಷ್ಟು ಸೋತೀತು. ಬಾಯಿ ಬಿಡದಿದ್ದರೆ?

ಬೆಳಗ್ಗೆ ಅವಳು ಹೇಳಿದುದಕ್ಕೆ ಅವಳ ತಂದೆ, “ಡಾಕ್ಟರಿಗೆ ಪಾಠ ಹೇಳೋಕೆ ಹೋಗಬೇಡ” ಎಂದು ಸಿಡುಕಿದ. ಮೇಷ್ಟರು ಮಗನನ್ನು ಸುಮ್ಮನಿರಿಸಿದರು. “ಪಾಠವಲ್ಲ ಕಣಯ್ಯ, ಸಂದೇಹ. ಸಂದೇಹ ಕೇಳಿದ ಮಕ್ಕಳಿಗೆ ನಾನು ಯಾವತ್ತೂ ಹೊಡೆದಿಲ್ಲ.”

ಶಸ್ತ್ರಚಿಕಿತ್ಸೆ ಮಾಡಬೇಕಾಗಿದ್ದ ವೈದ್ಯರು ಬೆಂಗಳೂರಿನವರು. ಅವರು ಹುಡುಗಿಯ ಮಾತನ್ನು ಪೂರ್ತಿ ಕೇಳಿದರು, ತಾವೂ ಎಣಿಸಿದರು, ಮುಖದಲ್ಲಿ ಯಾವ ಭಾವವನ್ನೂ ತೋರದೆ, “ಬರೀ ಸೊಂಟದ ಚಿತ್ರದಿಂದ ಇದನ್ನು ತೀರ್ಮಾನ ಮಾಡೋಕಾಗಲ್ಲ. ಕುತ್ತಿಗೆಯಿಂದ ಎಣಿಸೋಣ” ಎಂದರು. ಅದೇ ಸಂಜೆ ಮೇಷ್ಟರು ಮತ್ತೆ ಕೊಳವೆಯೊಳಗೆ ಮಲಗಿದರು. ಕುತ್ತಿಗೆ, ಎದೆ, ಸೊಂಟ ಎಂದು ಮೂರು ಭಾಗಗಳಾಗಿ ತೆಗೆದ ಚಿತ್ರಗಳನ್ನು ಯಂತ್ರ ಅಂಚಿಗೆ ಅಂಚು ಹೊಲಿದು, ತಲೆಯ ಬುಡದಿಂದ ಬಾಲದ ಮೂಳೆಯವರೆಗೆ ಒಂದೇ ಪಟವಾಗಿ ಮಾಡಿತು. ಕುತ್ತಿಗೆಯ ಎರಡನೆಯ ಮಣಿಗೆ ಮೇಲಕ್ಕೆ ಚಾಚಿದ ಹಲ್ಲಿನಂಥ ಕೊಂಬಿದೆ. ಅದನ್ನು ಬೇರೆ ಯಾವ ಮಣಿಯೆಂದೂ ಭ್ರಮಿಸುವಂತಿಲ್ಲ. ವೈದ್ಯರು ಅಲ್ಲಿಂದ ಇಳಿದರು. ಮೇಷ್ಟರೂ ಹಿಂದೆ ನಿಂತು ಬಾಯೊಳಗೇ ಎಣಿಸಿದರು. ಏಳು. ಹನ್ನೆರಡು. ಆರು.

ಅಲ್ಲಿಗೆ ಯಾರ ತಪ್ಪೆಂಬ ಪ್ರಶ್ನೆಯೇ ಏಳಲಿಲ್ಲ. ವರದಿ ತನ್ನ ಎಣಿಕೆಯಲ್ಲಿ ಸರಿಯಾಗಿಯೇ ಇತ್ತು. ಬೇರೆಯವರು ಬೇರೆ ಕಡೆಯಿಂದ ಎಣಿಸಿದ್ದರೆ ಮಾತ್ರ ಕೆಡುತ್ತಿತ್ತು. ವೈದ್ಯರು ಕಡತದ ಮೇಲೆ ಕೆಂಪು ಶಾಯಿಯಲ್ಲಿ, ಸೊಂಟದ ಮಾದರಿಯ ಮಣಿಗಳು ಆರು, ಎಣಿಕೆ ಕುತ್ತಿಗೆಯಿಂದ, ಕೆಟ್ಟ ಡಿಸ್ಕು ಕೊನೆಯದಲ್ಲ, ಅದರ ಮೇಲಿನದು ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದರು. ಹುಡುಗಿಯನ್ನು ಹೊಗಳಲಿಲ್ಲ. “ಆ ಹಳೆಯ ಸಿ.ಟಿ.ಯನ್ನೂ ಇಲ್ಲಿ ಬಿಟ್ಟು ಹೋಗಿ” ಎಂದರು. ಅವಳಿಗೆ ಅಷ್ಟೇ ಸಾಕಾಗಿತ್ತು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಸದ್ದಿಲ್ಲದೆ ಅತ್ತಳು. ಮೇಷ್ಟರು ಪಕ್ಕದಲ್ಲಿ ಕುಳಿತು, ಲಕೋಟೆಯ ಬೆನ್ನ ಮೇಲೆ ಪೆನ್ಸಿಲಿನಿಂದ ಏನೋ ಗೀಚಿಕೊಳ್ಳುತ್ತಿದ್ದರು.

“೭, ೧೨, ೬. ತ್ರಿಕಾಸ್ಥಿಯಿಂದ ಒಂದು ಬಿಟ್ಟುಹೋಗಿದೆ, ಅಲ್ಲಿ ೪. ಬಾಲದಲ್ಲಿ ೪. ಕೂಡಿದರೆ ೩೩. ನೋಡಿದೆಯಾ ಪುಟ್ಟಿ, ಮೊತ್ತ ತಪ್ಪಿಲ್ಲ!”

ಶಸ್ತ್ರಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ಮೇಷ್ಟರು ಮತ್ತೆ ಡೈರಿಗೆ ಹೋಗತೊಡಗಿದರು. ಹಾಲಿನ ಕ್ಯಾನು ಈಗ ಮಗನ ಕೈಯಲ್ಲಿ. ಭಾರ ಎತ್ತಬಾರದೆಂದು ಅಪ್ಪಣೆಯಾಗಿದೆ. ನೋವು ಹೋಗಿದೆ. ಹೆಬ್ಬೆರಳು ಪೂರ್ತಿ ಏಳುವುದಿಲ್ಲ, ಮುಕ್ಕಾಲು ಏಳುತ್ತದೆ. ಆಲೂಗೆಡ್ಡೆ ಅಡಿಗೆಮನೆಗೆ ಹಿಂದಿರುಗಿದೆ. ಮೊದಲ ದಿನ ಅರಳಿಕಟ್ಟೆಯ ಬಳಿ ಅವರು ನಿಂತು ಕಾಲನ್ನು ನೋಡಿಕೊಂಡರು, ಇನ್ನೂರು ಹೆಜ್ಜೆ ಎಣಿಸುತ್ತ ನಡೆದರು, ಡೈರಿಯ ಮೆಟ್ಟಿಲ ಬಳಿ ಮತ್ತೆ ನೋಡಿಕೊಂಡರು. ಚಪ್ಪಲಿ ಕಾಲಿನಲ್ಲಿಯೇ ಇತ್ತು.